ಸೆಕ್ಯೂರಿಟಿ ಆನ್ ಮಾಡಿದ್ದೇ ತಡ, ಕ್ಯೂ ನಿಂತಿತು

ಕೋಲಾರದ ಟೊಮೆಟೊ ಮಂಡಿಯ ಬಿಲ್ಲುಗಳು ನಮ್ಮ ವೆಬ್‌ಸ್ಫಿಯರ್ (ಐಬಿಎಂನ ಅಪ್ಲಿಕೇಶನ್ ಸರ್ವರ್) ಸರ್ವರಿನ ಮೆಸೇಜ್ ಬಸ್ ಮೂಲಕವೇ, ಅಂದರೆ ಮೆಸೇಜುಗಳನ್ನು ಕ್ಯೂನಲ್ಲಿಟ್ಟು ದಾಟಿಸುವ ವ್ಯವಸ್ಥೆಯ ಮೂಲಕವೇ ಹೋಗುವುದು. ಮೊನ್ನೆ ರಾತ್ರಿ, ಅನುಮತಿ ಇದ್ದವರಷ್ಟೇ ಒಳಗೆ ಬರಲೆಂದು ಬಸ್ ಸೆಕ್ಯೂರಿಟಿ ಆನ್ ಮಾಡಿ ರೀಸ್ಟಾರ್ಟ್ ಕೊಟ್ಟೆ. ಬೆಳಿಗ್ಗೆ ಹರಾಜಿನ ಹೊತ್ತಿಗೆ ಒಂದು ಬಿಲ್ಲೂ ಕದಲಲಿಲ್ಲ, ಫೋನಿನ ಮೇಲೆ ಫೋನು.

ಸರ್ವರ್ ತನ್ನ ಸಂದೇಶಗಳನ್ನು ಬರೆದಿಡುವ ಸಿಸ್ಟಮ್‌ಔಟ್ ಲಾಗ್‌ನಲ್ಲಿ ಸಿಡಬ್ಲ್ಯೂಎಸ್‌ಐಐ0212ಡಬ್ಲ್ಯೂ ಎಂಬ ಸಾಲು: ಹೆಸರಿಲ್ಲದ ಯೂಸರ್‌ಗೆ ಬಸ್ ಪ್ರವೇಶ ಕೊಟ್ಟಿಲ್ಲ. ಅಂದರೆ ನಮ್ಮ ಅಪ್ಲಿಕೇಶನ್ ಇಷ್ಟು ದಿನ ಯೂಸರ್, ಪಾಸ್‌ವರ್ಡ್ ಏನೂ ಹೇಳದೆ ಒಳಗೆ ಹೋಗುತ್ತಿತ್ತು. ಯೂಸರ್, ಪಾಸ್‌ವರ್ಡ್ ಒಂದು ಹೆಸರಿನಡಿ ಇಡುವ ಜೆ2ಸಿ ಅಲಿಯಾಸ್ ಮಾಡಿ, ಅಪ್ಲಿಕೇಶನ್ ಬಸ್‌ಗೆ ಸೇರಲು ಬಳಸುವ ಕನೆಕ್ಷನ್ ಫ್ಯಾಕ್ಟರಿಗೆ ಕೊಟ್ಟೆ. ಈಗ 0211 ಬಂತು! ಯಾರೆಂದು ಗೊತ್ತು, ಅನುಮತಿ ಇಲ್ಲ ಎಂದರ್ಥ. ಈ ಎರಡು ನಂಬರಿನ ವ್ಯತ್ಯಾಸ ಹಿಡಿದರೆ ಅರ್ಧ ಕೆಲಸ ಆದ ಹಾಗೆ.

ಅನುಮತಿ ಪಟ್ಟಿಗೆ ಎಲ್ಲರನ್ನೂ ಸೇರಿಸಿಬಿಡಿ ಸಾರ್ ಎಂದ ಜೊತೆಯ ಹುಡುಗ. ನಾನು ಒಪ್ಪಲಿಲ್ಲ, ಹಾಗೆ ಮಾಡಿದರೆ ಭದ್ರತೆ ಹಾಕಿದ್ದೇಕೆ? ಆ ಒಬ್ಬ ಯೂಸರನ್ನು ಮಾತ್ರ ಬಸ್ ಪ್ರವೇಶದ ಅನುಮತಿ ಕೊಡುವ ಬಸ್ ಕನೆಕ್ಟರ್ ರೋಲ್‌ಗೆ ಸೇರಿಸಿದೆ. ಮೆಸೇಜುಗಳು ಹೊರಟವು, ಆದರೆ ತೆಗೆದುಕೊಳ್ಳುವವರೇ ಇಲ್ಲ. ಮೆಸೇಜು ತೆಗೆದುಕೊಳ್ಳುವ ಕಡೆಯನ್ನು ಕ್ಯೂಗೆ ಜೋಡಿಸುವ ಆಕ್ಟಿವೇಶನ್ ಸ್ಪೆಸಿಫಿಕೇಶನ್‌ಗೂ ಅದೇ ಅಲಿಯಾಸ್ ಕೊಡಬೇಕಿತ್ತು, ಆ ಜಾಗ ಖಾಲಿ ಉಳಿದಿತ್ತು.

ಅದನ್ನು ತುಂಬಿ ಉಳಿಸಿದೆ. ರೀಸ್ಟಾರ್ಟ್ ಆದ ಕೂಡಲೇ ಕ್ಯೂವಿನ ಎಣಿಕೆ ಇಳಿಯತೊಡಗಿತು. ಸೊನ್ನೆ ಕಾಣುವವರೆಗೆ ಸ್ಕ್ರೀನ್ ಮುಂದಿನಿಂದ ನಾನು ಏಳಲಿಲ್ಲ.