ಈಮ್ ಹಳ್ಳಿಗೆ ಹೋಗುವ ಮುನ್ನ: ಶೆಫೀಲ್ಡ್ ಕಡೆಯ ಹೊಸಬರಿಗೆ

ಇಂಗ್ಲೆಂಡಿನ ಶೆಫೀಲ್ಡಿಗೆ ಬಂದ ಹೊಸದರಲ್ಲಿ ಎಲ್ಲರೂ ಚಾಟ್ಸ್‌ವರ್ತ್ ಅರಮನೆಗೆ ಹೋಗಿ, ಫೋಟೋ ತೆಗೆದುಕೊಂಡು, ಪಕ್ಕದ ಗುಡ್ಡಗಾಡು ಪೀಕ್ ಡಿಸ್ಟ್ರಿಕ್ಟ್ ಮುಗಿಯಿತು ಅಂದುಕೊಳ್ಳುತ್ತಾರೆ. ಅಲ್ಲೇ ಹತ್ತಿರದ ಈಮ್ ಹಳ್ಳಿಯನ್ನು ಬಿಡಬೇಡಿ. ಮಕ್ಕಳು ಶಾಲೆಯಲ್ಲಿ ಈ ಊರಿನ ಕಥೆ ಕೇಳಿ ಬಂದು ನಿಮ್ಮನ್ನೇ ಪ್ರಶ್ನೆ ಕೇಳುವ ದಿನ ಬರುತ್ತದೆ.

ಕಥೆ ಇದು. 1665ರಲ್ಲಿ ಲಂಡನ್ನಿನಲ್ಲಿ ಪ್ಲೇಗು. ಅಲ್ಲಿಂದ ಈ ಊರಿನ ದರ್ಜಿ ಮನೆಗೆ ಬಟ್ಟೆಯ ಗಂಟು ಬಂತು, ಅದರ ಜತೆ ಚಿಗಟವೂ ಬಂತು ಎನ್ನುತ್ತಾರೆ ಊರವರು. ಗಂಟು ಬಿಚ್ಚಿದ ದರ್ಜಿಯ ಸಹಾಯಕ ಜಾರ್ಜ್ ವಿಕರ್ಸ್ ಸೆಪ್ಟೆಂಬರಿನಲ್ಲಿ ಸತ್ತ. ಮರುವರ್ಷ ಬೇಸಿಗೆಗೆ ಸಾವು ಏರಿದಾಗ ಪಾದ್ರಿ ವಿಲಿಯಂ ಮಾಂಪೆಸನ್ ಊರಿನ ಗಡಿ ದಾಟಬಾರದೆಂದು ಜನರನ್ನು ಒಪ್ಪಿಸಿದ. ಹೊಸ ಪಾದ್ರಿಯ ಮಾತನ್ನು ಊರು ಅಷ್ಟಾಗಿ ನಂಬುತ್ತಿರಲಿಲ್ಲ. ಧರ್ಮದ ಜಗಳದಲ್ಲಿ ಕೆಲಸ ಕಳೆದುಕೊಂಡಿದ್ದ ಹಳೆಯ ಪಾದ್ರಿ ಥಾಮಸ್ ಸ್ಟ್ಯಾನ್ಲಿ ಅವನ ಪಕ್ಕ ನಿಂತಿದ್ದರಿಂದ ಕೆಲಸ ಆಯಿತು. ಎರಡು ಬಣ ಸೇರಿದರೆ ಏನಾಗುತ್ತದೆ ನೋಡಿ (ನಮ್ಮ ಸಂಘದವರೂ ಇದನ್ನು ಓದಲಿ). ಚಾಟ್ಸ್‌ವರ್ತ್ ಅರಮನೆಯ ಒಡೆಯ ಡೆವನ್‌ಶೈರ್ ಅರ್ಲ್ ಆಹಾರ ಕಳಿಸಿದ. ಗಡಿಯ ಕಲ್ಲಿನ ಗುಳಿಗಳಲ್ಲಿ ವಿನೆಗರ್ ತುಂಬಿ, ಸೋಂಕು ಹೋಗಲೆಂದು ಅದರಲ್ಲಿ ನಾಣ್ಯ ಹಾಕಿ ಸಾಮಾನು ಪಡೆಯುತ್ತಿದ್ದರು. ಪ್ರಾರ್ಥನೆ ಚರ್ಚಿನೊಳಗಲ್ಲ, ಕಕ್ಲೆಟ್ ಡೆಲ್ಫ್ ಎಂಬ ಕಣಿವೆಯಲ್ಲಿ, ಬಯಲಲ್ಲಿ. 1666ರ ನವೆಂಬರಿಗೆ ಪ್ಲೇಗು ನಿಲ್ಲುವಷ್ಟರಲ್ಲಿ ಸುಮಾರು 260 ಜನ ಸತ್ತಿದ್ದರು. ಮಾಂಪೆಸನ್ನನ ಹೆಂಡತಿ ಕ್ಯಾಥರೀನಳೂ ಸತ್ತಳು. ಆದರೆ ಅವನು ತನ್ನ ಇಬ್ಬರು ಮಕ್ಕಳನ್ನು ಮೊದಲೇ ಹೊರಗೆ ಕಳಿಸಿದ್ದ, ಇದನ್ನೂ ಮಕ್ಕಳಿಗೆ ಹೇಳಿ. ದೇವರಂತೆ ಮಾಡಿ ಹೇಳಬೇಡಿ.

ನಮ್ಮಲ್ಲಿ ಇಲಿ ಸತ್ತು ಬಿದ್ದರೆ ಊರೇ ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು, ಅಜ್ಜಿಯರು ಹೇಳಿದ್ದು ನೆನಪಿರಬೇಕು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆಯೇ ಮಲ್ಲೇಶ್ವರ, ಬಸವನಗುಡಿ ತುಂಬಿಕೊಂಡದ್ದು. ಇಲಿ, ಚಿಗಟದಿಂದ ದೂರ ಹೋಗುವ ನಮ್ಮ ಹಿರಿಯರ ದಾರಿಯೇ ಜೀವ ಉಳಿಸುವಂಥದ್ದು. ಈಮಿನವರು ಚಿಗಟದ ಜತೆಗೇ ಉಳಿದರು. ಅಷ್ಟು ಸಾವಿಗೆ ಅದೂ ಒಂದು ಕಾರಣವಿರಬೇಕು. ಆದರೆ ಸುತ್ತಲ ಹಳ್ಳಿಗಳಿಗೆ ಹಬ್ಬಲಿಲ್ಲ. ಇಬ್ಬರ ಲೆಕ್ಕವೂ ಅವರವರಿಗೆ ಸರಿಯೇ.

ನೋಡಬೇಕಾದವು: ಸಂತ ಲಾರೆನ್ಸ್ ಚರ್ಚು, ಅಂಗಳದ ಹಳೆಯ ಸ್ಯಾಕ್ಸನ್ ಶಿಲುಬೆ, ಕ್ಯಾಥರೀನಳ ಸಮಾಧಿ, ಮ್ಯೂಸಿಯಂ (ಚಳಿಗಾಲದಲ್ಲಿ ಮುಚ್ಚಿರುತ್ತದೆ), ಸ್ಟೋನಿ ಮಿಡಲ್ಟನ್ ಕಡೆಯ ಗಡಿ ಕಲ್ಲು, ಮಾಂಪೆಸನ್ ಬಾವಿ.

ರೈಲಿ ಸಮಾಧಿಗಳಿಗೆ ಸ್ವಲ್ಪ ನಡೆಯಬೇಕು. 1666ರ ಆಗಸ್ಟಿನಲ್ಲಿ ಎಲಿಜಬೆತ್ ಹ್ಯಾಂಕಾಕ್ ಎಂಬ ಹೆಂಗಸು ಎಂಟು ದಿನದಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಒಬ್ಬಳೇ ಇಲ್ಲಿ ಹೂತಳು. ದಯವಿಟ್ಟು ಅಲ್ಲಿ ಚಾಪೆ ಹಾಸಿ ಪುಳಿಯೋಗರೆ ಡಬ್ಬಿ ಬಿಚ್ಚಬೇಡಿ. ಸಮಾಧಿಗಳ ಸುತ್ತಲಿನ ಗೋಡೆ ಮಕ್ಕಳು ಹತ್ತಿ ಹಾರಲಿಕ್ಕಲ್ಲ. ಬೀದಿಯ ಕೆಲವು ಮನೆಗಳ ಮುಂದೆ ಸತ್ತವರ ಹೆಸರಿನ ಫಲಕಗಳಿವೆ. ಒಳಗೆ ಈಗಲೂ ಸಂಸಾರ ನಡೆಸುವವರಿದ್ದಾರೆ. ಕಿಟಕಿಗೆ ಮುಖ ಒತ್ತಿ ನೋಡುವುದು, ಗೇಟು ತಳ್ಳಿ ಒಳಹೋಗಿ ಸೆಲ್ಫಿ ತೆಗೆಯುವುದು ಬೇಡ. ನಮ್ಮವರೇ ಮಾಡಿದ್ದನ್ನು ನೋಡಿದ್ದೇವೆ, ತಲೆ ತಗ್ಗಿಸಿದ್ದೇವೆ. ಕುರಿಗಳಿರುವ ಹೊಲದ ಗೇಟನ್ನು ಹಾದ ಕೂಡಲೇ ಮುಚ್ಚಿ.

ಆಗಸ್ಟ್ ಕೊನೆಯ ಭಾನುವಾರ ಸ್ಮರಣೆಯ ದಿನ, ಜನ ಬಹಳ, ಬೇಗ ಹೊರಡಿ. ಕೆಸರಿಗೆ ಗಟ್ಟಿ ಬೂಟು, ಮಳೆಗೆ ಜಾಕೆಟ್ಟು. ಕೊನೆಯ ಬಸ್ಸಿನ ಸಮಯ ಹೊರಡುವ ಮುನ್ನವೇ ನೋಡಿಕೊಳ್ಳಿ, ಭಾನುವಾರವಾದರೆ ಎರಡು ಸಲ ನೋಡಿ.