ಹಂಪಿಗೊಂದು ನೀರು, ಆಗುಂಬೆಗೊಂದು ನೀರು

ಮನೆಯಲ್ಲಿ ಚೆನ್ನಾಗಿ ಬರುವ ಜಲವರ್ಣ ಬಯಲಲ್ಲಿ ಕೂತೊಡನೆ ಕೆಡುವುದಕ್ಕೆ ಡ್ರಾಯಿಂಗ್ ಕಾರಣವಾಗುವುದು ಕಡಿಮೆ. ಹೆಚ್ಚಾಗಿ ನೀರಿನ ಅಂದಾಜು ತಪ್ಪಿರುತ್ತದೆ.

300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ), ತುಸು ತರಿ ಮೈಯ ಕೋಲ್ಡ್ ಪ್ರೆಸ್ ಕಾಗದವನ್ನು 11ಕ್ಕೆ 15 ಇಂಚು ಕತ್ತರಿಸಿ, ನಾಲ್ಕೂ ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕಿ ಹಲಗೆಗೆ ಅಂಟಿಸಿ. ತೆಳು ಕಾಗದ ಉಬ್ಬಿ, ಬಣ್ಣವೆಲ್ಲ ತಗ್ಗಿಗೆ ಹೋಗಿ ನಿಲ್ಲುತ್ತದೆ. 12 ಮತ್ತು 6ನೇ ನಂಬರಿನ ರೌಂಡ್ ಬ್ರಶ್, ಒಂದಿಂಚಿನ ಫ್ಲ್ಯಾಟ್ (ಚಪ್ಪಟೆ) ಬ್ರಶ್ ಸಾಕು. ನೀರಿಗೆ ಎರಡು ಡಬ್ಬಿ: ಒಂದು ತೊಳೆಯಲು, ಇನ್ನೊಂದು ಬಣ್ಣ ಕಲಸಲು. ಹಲಗೆ ನೆರಳಲ್ಲಿರಲಿ. ಬಿಸಿಲಿಗೆ ಕಾಗದ ಕಣ್ಣು ಕುಕ್ಕಿ ಬಣ್ಣ ತೆಳುವಾಗಿ ಕಾಣುತ್ತದೆ, ಮೇಲೆ ಮೇಲೆ ಬಳಿಯುತ್ತೀರಿ. ಮನೆಗೆ ತಂದು ನೋಡಿದರೆ ಚಿತ್ರ ಕಪ್ಪಿಟ್ಟಿರುತ್ತದೆ. ನೆರಳಿಗೆ ಕೊಡೆ ಹಿಡಿಯುವುದಾದರೆ, ಬಣ್ಣದ ಕೊಡೆಯ ಛಾಯೆ ಕಾಗದದ ಮೇಲೆ ಬೀಳುವುದರಿಂದ ಹಳೇ ಕರಿ ಕೊಡೆಯೇ ವಾಸಿ.

ಹಂಪಿಯ ಹೇಮಕೂಟದಲ್ಲಾದರೆ ಬೆಳಿಗ್ಗೆ ಆರೂವರೆಗೆ ಕೂತು ಒಂಬತ್ತಕ್ಕೆ ಏಳಿ. ಆಮೇಲೆ ನೆರಳು ಮೋಟಾಗಿ ಬಂಡೆಗಳ ದುಂಡು ಮೈ ಚಪ್ಪಟೆಯಾಗುತ್ತದೆ. ಮೊದಲ ಹತ್ತು ನಿಮಿಷದಲ್ಲೇ ನೆರಳಿನ ಗಡಿಯನ್ನು ಪೆನ್ಸಿಲಿನಲ್ಲಿ ಗುರುತಿಸಿ, ಮತ್ತೆ ಬದಲಿಸಬೇಡಿ. ಸರಿಯುವ ನೆರಳಿನ ಬೆನ್ನುಹತ್ತಿದರೆ ಒಂದೇ ಚಿತ್ರದಲ್ಲಿ ಎರಡು ಸೂರ್ಯ! ಒಣಗಾಳಿಗೆ ವಾಶ್ (ಅಗಲಕ್ಕೆ ಹರಡಿ ಬಳಿದ ತೆಳು ಬಣ್ಣ) ಅರ್ಧದಲ್ಲೇ ಆರಿ ಗೆರೆ ಬೀಳುತ್ತದೆ. ಅದಕ್ಕೇ ಆಕಾಶದ ಬಣ್ಣವನ್ನು ಅಂದಾಜಿನ ಎರಡರಷ್ಟು ಮೊದಲೇ ಕಲಸಿಡಿ, ಕಾಗದವನ್ನು ಎರಡು ಸಲ ಒದ್ದೆ ಮಾಡಿ, ಹಲಗೆಯ ಮೇಲಂಚನ್ನು ಎರಡು ಬೆರಳಷ್ಟು ಎತ್ತರಿಸಿ. ಬಂಡೆಯ ಬೆಳಕಿಗೆ ತೆಳು ಯೆಲ್ಲೋ ಓಕರ್ (ಮಣ್ಣು ಹಳದಿ). ನೆರಳಿಗೆ ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನಾ (ಕೆಂಗಂದು) ಎರಡರ ಬೆರಕೆ. ನೆಲಕ್ಕೆ ಹತ್ತಿರವಾದಂತೆ ಸಿಯೆನಾ ಹೆಚ್ಚಲಿ, ಕೆಂಪು ಮಣ್ಣಿನ ಬೆಳಕು ಅಲ್ಲಿಗೆ ಪುಟಿದಿರುತ್ತದೆ. ಟ್ಯೂಬಿನ ಕಪ್ಪು ಹಾಕಿದರೆ ಬಂಡೆ ಇದ್ದಿಲಾಗುತ್ತದೆ.

ಆಗುಂಬೆಯ ಕಡೆ ತೊಂದರೆ ಇದರ ತಿರುವುಮುರುವು: ಕಾಗದ ಆರುವುದೇ ಇಲ್ಲ. ಅರೆ ಒಣಗಿದ ಜಾಗಕ್ಕೆ ನೀರು ಹೆಚ್ಚಿದ ಬಣ್ಣ ತಾಗಿದರೆ ಹೂಕೋಸಿನಂಥ ಕಲೆ ಏಳುತ್ತದೆ. ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿ. ತಣ್ಣಗಿದ್ದರೆ ಒಳಗೆ ಇನ್ನೂ ತೇವವಿದೆ, ಕಾಯಿರಿ. ಕಾಯಲಾಗದಿದ್ದರೆ ಬ್ರಶ್ಶನ್ನು ಬಟ್ಟೆಗೆ ಒರೆಸಿ ದಪ್ಪ ಬಣ್ಣವನ್ನೇ ಇಡಿ. ಟ್ಯೂಬಿನ ಸ್ಯಾಪ್ ಗ್ರೀನ್ ಹಾಗೆಯೇ ಬಳಿದರೆ ಕಾಡು ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಗ್ಯಾಂಬೋಜ್ ಹಳದಿ, ಅಲ್ಟ್ರಾಮರೀನ್ ಬೆರೆಸಿ, ಚೂರು ಸಿಯೆನಾ ಸೇರಿಸಿ. ಗುಡ್ಡ ದೂರವಾದಂತೆ ಹಳದಿ ಇಳಿಸಿ, ನೀಲಿ ಮತ್ತು ನೀರು ಏರಿಸಿ. ಗುಡ್ಡದ ಬುಡದ ಅಂಚನ್ನು ಶುದ್ಧ ಒದ್ದೆ ಬ್ರಶ್ಶಿನಿಂದ ಸವರಿದರೆ ಮಂಜು ತಾನಾಗಿ ಬರುತ್ತದೆ.

ಕರಾವಳಿಯಲ್ಲಿ ಕೆಂಪು ಕಲ್ಲಿನ ಗೋಡೆಗೆ ಸಿಯೆನಾ ಜೊತೆ ತುಸು ಕ್ರಿಮ್ಸನ್ ಕೆಂಪು. ಕಡಲು ಆಕಾಶ ಕೂಡುವ ಗೆರೆಗೆ ಸ್ಕೇಲ್ ಹಿಡಿಯಲು ನಾಚಬೇಡಿ, ಓರೆಯಾದರೆ ಸಮುದ್ರ ಒಂದು ಪಕ್ಕಕ್ಕೆ ಸುರಿಯುತ್ತಿರುವಂತೆ ಕಾಣುತ್ತದೆ.