ಸ್ಪ್ರಿಂಗ್ ಬ್ರೇಕ್‌ನಲ್ಲಿ ಕ್ರೂಸ್: ನಮ್ಮ ಉಲ್ಟಾ ವೇಳಾಪಟ್ಟಿ ಕೊನೆಗೂ ಫಲಿಸಿದ ಬಗೆ

ಮಾರ್ಚ್ ಎರಡನೆಯ, ಮೂರನೆಯ ವಾರಗಳಲ್ಲಿ, ಅಂದರೆ ಇಲ್ಲಿನ ಶಾಲೆ-ಕಾಲೇಜುಗಳ ಸ್ಪ್ರಿಂಗ್ ಬ್ರೇಕ್ ರಜೆಯಲ್ಲಿ, ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಬಂದರಿನಿಂದ ಹೊರಡುವ ಕ್ರೂಸ್ ಹಡಗಿಗೆ ಊರಿನಿಂದ ಬಂದ ಅಪ್ಪ-ಅಮ್ಮನನ್ನು ಹತ್ತಿಸುವುದೆಂದರೆ ದುಡ್ಡು ಕೊಟ್ಟು ತಲೆನೋವು ಕೊಂಡಂತೆ ಎಂಬುದು ಹ್ಯೂಸ್ಟನ್ ಸುತ್ತಮುತ್ತಲಿನ ನಮ್ಮ ಕನ್ನಡಿಗರ ಬಳಗದಲ್ಲಿ ಬಹುಕಾಲದಿಂದ ಬೇರೂರಿರುವ ಅಭಿಪ್ರಾಯ. ಯುಗಾದಿ ಕಾರ್ಯಕ್ರಮದ ಊಟದ ಸಾಲಿನಲ್ಲಿ ಈ ಮಾತೆತ್ತಿದರೆ ಸಾಕು, ಕುಡಿದು ಕೂಗಾಡುವ ಕಾಲೇಜು ಹುಡುಗರು, ಕಾಲಿಡಲು ಜಾಗವಿಲ್ಲದ ಈಜುಕೊಳ, ದುಪ್ಪಟ್ಟು ದರ, ಸಸ್ಯಾಹಾರಿಗಳಿಗೆ ಹಸಿ ಸೊಪ್ಪೇ ಗತಿ ಎಂಬ ಆಕ್ಷೇಪಗಳು ಒಂದರ ಹಿಂದೊಂದು ಬರುತ್ತವೆ. ಆದರೆ ಮಕ್ಕಳಿಗೆ ರಜೆ ಸಿಗುವುದೇ ಆ ವಾರದಲ್ಲಿ. ಕೆಲವು ವರ್ಷ ಒಂದೊಂದೇ ಉಪಾಯವನ್ನು ಪರೀಕ್ಷಿಸಿ, ನಿಲ್ಲದವನ್ನು ಕೈಬಿಟ್ಟು, ನಿಂತವನ್ನು ತಿದ್ದಿಕೊಂಡು ಬಂದ ಮೇಲೆ ಕಳೆದ ಸಲ ಎಲ್ಲವೂ ಒಟ್ಟಿಗೆ ಕೂಡಿಬಂದವು. ಕ್ಯಾಬಿನ್‌ಗಳಲ್ಲಿ ಎಷ್ಟು ಬಗೆ, ಚೆಕ್-ಇನ್ ಹೇಗೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲವಾದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮೊದಲಿಗೆ, ಕಾಲೇಜು ಹುಡುಗರ ಭಯ ಬಹುಪಾಲು ಆಧಾರವಿಲ್ಲದ್ದು. ಕಾರ್ನಿವಲ್ ಕ್ರೂಸ್ ಕಂಪನಿಯ ನಿಯಮದಂತೆ 21 ವರ್ಷದೊಳಗಿನವರು 25 ದಾಟಿದ ಸಂಬಂಧಿಕರ ಅಥವಾ ಪೋಷಕರ ಜೊತೆಗೇ ಬರಬೇಕು. ರಾಯಲ್ ಕೆರಿಬಿಯನ್‌ನಲ್ಲಿ ಜೊತೆಗಿರುವವರಿಗೆ 21 ತುಂಬಿದ್ದರೆ ಸಾಕು. ಅಮೆರಿಕದಿಂದ ಹೊರಡುವ ಹಡಗುಗಳಲ್ಲಿ ಮದ್ಯಕ್ಕೂ 21ರ ಮಿತಿಯಿದೆ. ಹೀಗಾಗಿ ಟೆಕ್ಸಸ್‌ನ ವಿದ್ಯಾರ್ಥಿ ಪಡೆ ಸೌತ್ ಪಾಡ್ರೆ ದ್ವೀಪದ ಕಡೆಗೋ ಪೋರ್ಟ್ ಅರಾನ್ಸಸ್ ಕಡೆಗೋ ಹೋಗುತ್ತದೆ. ಹಡಗನ್ನು ತುಂಬುವವರು ಚಿಕ್ಕ ಮಕ್ಕಳಿರುವ ಕುಟುಂಬಗಳು, ಮತ್ತು ನಿಜವಾದ ಒತ್ತಡ ಹುಟ್ಟುವುದು ಅಲ್ಲಿಂದಲೇ. ರಾಯಲ್ ಕೆರಿಬಿಯನ್‌ನ ಓಯಸಿಸ್ ವರ್ಗದ ದೊಡ್ಡ ಹಡಗಿನಲ್ಲಿ ಕ್ಯಾಬಿನ್‌ಗೆ ಇಬ್ಬರ ಲೆಕ್ಕದಲ್ಲಿ ಸುಮಾರು 5,500 ಜನ. ಗೋಡೆಗೆ ಮಡಚಿಟ್ಟ ಮೇಲಿನ ಹಾಸಿಗೆಗಳೆಲ್ಲ ಇಳಿದರೆ 6,500 ದಾಟುತ್ತದೆ. ಹೆಚ್ಚಿದ ಆ ಸಾವಿರ ಜನರಲ್ಲಿ ಬಹುತೇಕರು ಮಕ್ಕಳು, ಅವರೆಲ್ಲರೂ ಒಂದೇ ಹೊತ್ತಿಗೆ ಹಸಿಯುತ್ತಾರೆ, ಒಂದೇ ಹೊತ್ತಿಗೆ ನೀರಿಗಿಳಿಯುತ್ತಾರೆ. ನನ್ನ ವಿಧಾನವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ: ಜನರ ಸಂಖ್ಯೆಯ ಬಗ್ಗೆ ನಾವೇನೂ ಮಾಡಲಾರೆವು, ಅವರ ಗಡಿಯಾರವನ್ನು ಮಾತ್ರ ತಪ್ಪಿಸಿಕೊಳ್ಳಬಹುದು. ಉಲ್ಟಾ ವೇಳಾಪಟ್ಟಿ ಎಂದದ್ದು ಇದನ್ನೇ.

ಸಮುದ್ರದ ಮೇಲೆಯೇ ಕಳೆಯುವ ದಿನಗಳಲ್ಲಿ ನಾವು ಬೆಳಿಗ್ಗೆ ಏಳಕ್ಕೆ ಈಜುಕೊಳದ ಬಳಿ ಇರುತ್ತೇವೆ ಮತ್ತು ಹತ್ತು ಗಂಟೆಯೊಳಗೆ ಅಲ್ಲಿಂದ ಎದ್ದುಬಿಡುತ್ತೇವೆ. ಕುರ್ಚಿಯ ಮೇಲೆ ಟವೆಲ್ ಹಾಸಿ ಹೋದವರ ಜೊತೆ ಜಗಳವಾಡುವ ಪ್ರಮೇಯವೇ ಬರುವುದಿಲ್ಲ. ಹನ್ನೆರಡೂವರೆಗೆ ಬುಫೆಯಲ್ಲಿ ತಟ್ಟೆ ಹಿಡಿದು ನಿಲ್ಲುವ ಬದಲು, ತೆರೆದಿರುವ ದಿನಗಳಲ್ಲಿ ಮುಖ್ಯ ಡೈನಿಂಗ್ ರೂಮಿನಲ್ಲಿ ಕುಳಿತು ಉಣ್ಣುತ್ತೇವೆ. ಅದಕ್ಕೂ ಹಣವಿಲ್ಲ ಎಂಬುದು ಎಷ್ಟೋ ಜನರ ಗಮನಕ್ಕೇ ಬಂದಿರುವುದಿಲ್ಲ. ಡೆಕ್ ತುಂಬಿ ತುಳುಕುವ ಮಧ್ಯಾಹ್ನದಲ್ಲಿ ಅಪ್ಪ-ಅಮ್ಮ ಕೆಳಗಿನ ಡೆಕ್‌ನ ಕಾರ್ಡ್ ರೂಮಿನಲ್ಲಿ ಬಟ್ಟೆಯ ಹಾಸು ಬಿಡಿಸಿ, ಕವಡೆ ಹಾಕಿ, ಮೊಮ್ಮಕ್ಕಳ ಜೊತೆ ಚೌಕಾಬಾರ ಆಡುತ್ತಾರೆ. ಮೂರನೆಯ ದಿನಕ್ಕೆ ಪಕ್ಕದ ಮೇಜಿನ ಒಕ್ಲಹೋಮಾದ ಅಜ್ಜಿಯೊಬ್ಬರೂ ಸೇರಿಕೊಂಡು ಅಮ್ಮನ ಕಾಯಿ ಹೊಡೆದದ್ದು ನಮ್ಮ ಮನೆಯಲ್ಲಿ ಇನ್ನೂ ಮಾತಾಗುವ ವಿಷಯ.

ರಾತ್ರಿಯೂಟದಲ್ಲಿ ನಮಗೆ ಅನುಕೂಲ ತಾನಾಗಿಯೇ ಒದಗಿಬಂತು. ಅಮೆರಿಕದ ಕುಟುಂಬಗಳಿಗೆ ಐದೂವರೆ-ಆರರ ಸರದಿ ಬೇಕು. ಸ್ಪ್ರಿಂಗ್ ಬ್ರೇಕ್‌ನಲ್ಲಿ ಅದು ತಿಂಗಳುಗಳ ಮೊದಲೇ ತುಂಬಿಹೋಗುತ್ತದೆ, ಸಿಗದವರು ಮೊದಲ ದಿನವೇ ಕೌಂಟರಿನ ಮುಂದೆ ಗೋಗರೆಯುತ್ತಾರೆ. ಹಾಸನದಲ್ಲಿ ಎಂಟೂವರೆಗೆ ಉಣ್ಣುವ ನನ್ನ ಅಪ್ಪನಿಗೆ ಎಂಟರ ಸರದಿಯೇ ಸರಿ. ಆ ಹೊತ್ತಿಗೆ ಡೈನಿಂಗ್ ರೂಮು ಅರೆಖಾಲಿಯಾಗಿರುತ್ತದೆ, ಬಡಿಸುವವರಿಗೆ ಪುರುಸೊತ್ತಿರುತ್ತದೆ, ಮತ್ತು ನಮ್ಮಂಥವರ ವಿಶೇಷ ಊಟ ತಣ್ಣಗಾಗದೆ ಬರುತ್ತದೆ. ಸಂಜೆ ಐದಕ್ಕೆ ಮಕ್ಕಳಿಗೆ ಏನಾದರೂ ತಿನ್ನಿಸಿದರೆ ಅವರೂ ತಾಳಿಕೊಳ್ಳುತ್ತಾರೆ.

ಸಸ್ಯಾಹಾರದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಮ್ಮವರು ಹೆದರುವುದು ಇಲ್ಲೇ. ಬುಕಿಂಗ್‌ನಲ್ಲಿ ಸಸ್ಯಾಹಾರಿ ಎಂದು ಗುರುತು ಹಾಕಿದರೆ ಮಾತ್ರ ಸಾಲದು. ಮೊದಲ ರಾತ್ರಿಯೇ ಹೆಡ್ ವೇಟರ್ ಅವರನ್ನು ಕಂಡು, ಮರುದಿನದ ಊಟವನ್ನು ಹಿಂದಿನ ರಾತ್ರಿಯೇ ಹೇಳಿಬಿಡಬೇಕು. ಈ ದೊಡ್ಡ ಕಂಪನಿಗಳ ಅಡುಗೆಮನೆಗಳಲ್ಲಿ ಭಾರತೀಯರಿಗೆ ಕೊರತೆಯಿಲ್ಲ. ಗೋವಾದವರು, ಕೇರಳದವರು, ಮಂಗಳೂರು ಕಡೆಯವರು ಸಿಕ್ಕೇ ಸಿಗುತ್ತಾರೆ. ನಮ್ಮ ಮೇಜಿಗೆ ದಾಲ್, ಪಲ್ಯ, ಅನ್ನ, ಹಪ್ಪಳ ದಿನವೂ ಬಂದವು, ಒಂದು ರಾತ್ರಿ ಕೇಳದಿದ್ದರೂ ಸಾರು ಬಂತು. ಆ ಸಾರು ಹೇಗೆ ಬಂತು ಎಂಬುದನ್ನು ಅನೇಕರು ಕೇಳಿದ್ದಾರೆ. ಅದಕ್ಕೆ ಟಿಪ್ಸ್ ಕಾರಣವಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಮನೆಯಲ್ಲಿ ಮಾಡಿದ ತಿಂಡಿಯನ್ನು ಹಡಗಿಗೆ ಒಯ್ಯುವಂತಿಲ್ಲ, ಅಂಗಡಿಯ ಮೊಹರು ಒಡೆಯದ ಪೊಟ್ಟಣಗಳಾದರೆ ಅಭ್ಯಂತರವಿಲ್ಲ. ರೈಸ್ ಕುಕ್ಕರ್, ನೀರು ಕಾಯಿಸುವ ಕೆಟಲ್ ಎರಡೂ ನಿಷಿದ್ಧ. ಸ್ಕ್ಯಾನರಿನಲ್ಲಿ ಸಿಕ್ಕರೆ ತೆಗೆದಿಟ್ಟುಕೊಂಡು ಕೊನೆಯ ದಿನ ಹಿಂದಿರುಗಿಸುತ್ತಾರೆ. ಬಿಸಿನೀರು ಹಾಕಿದರೆ ಮುಗಿಯುವ ಉಪ್ಪಿಟ್ಟು ಮತ್ತು ಅವಲಕ್ಕಿಯ ಪೊಟ್ಟಣಗಳು, ಚಟ್ನಿಪುಡಿ, ಉಪ್ಪಿನಕಾಯಿ ಇಷ್ಟಿದ್ದರೆ ಉಳಿದದ್ದು ಬುಫೆಯಲ್ಲೇ ಸಿಗುತ್ತದೆ. ಬುಫೆಯ ಸಪ್ಪೆ ಮೊಸರಿನಿಂದ ಮೊಸರನ್ನ ಮಾಡುವ ಪ್ರಯೋಗ ನನ್ನದು. ಅಲ್ಲಿನ ಮೊಸರು ಗಟ್ಟಿ, ಹುಳಿಯಿಲ್ಲ, ಹಾಗೆಯೇ ಕಲಸಿದರೆ ಅನ್ನ ಮುದ್ದೆಯಾಗುತ್ತದೆ. ಅರ್ಧ ಲೋಟ ಹಾಲು ಬೆರೆಸಿ, ನಿಂಬೆಹಣ್ಣಿನ ಹೋಳು ಹಿಂಡಿ, ಕಾಲು ಗಂಟೆ ಬಿಟ್ಟರೆ ತಿನ್ನುವ ಹಾಗಾಗುತ್ತದೆ. ಒಗ್ಗರಣೆಯ ಕೊರತೆಗೆ ಅಂಗಡಿಯ ಖಾರಾ ಬೂಂದಿ ಸಾಕು. ಅಪ್ಪ ಎರಡು ಸಲ ಹಾಕಿಸಿಕೊಂಡರು, ಅಮ್ಮ ಮಾತ್ರ ಅದನ್ನು ಮೊಸರನ್ನವೆಂದು ಇಂದಿಗೂ ಒಪ್ಪಿಲ್ಲ.

ಇನ್ನು ಹಣ. ಅಂಕಿಗಳು ನೆನಪಿನಿಂದ ಬರೆದವು, ನೂರಿನ್ನೂರು ಡಾಲರ್ ಆಚೀಚೆ ಇರಬಹುದು. ಏಳು ರಾತ್ರಿಗಳ ಪಯಣಕ್ಕೆ ನಾವು ನಾಲ್ವರಿಗೆ ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ ತೆರಿಗೆ ಸೇರಿ ಸುಮಾರು 3,700 ಡಾಲರ್ ಆಯಿತು. ಮೊದಲ ಇಬ್ಬರಿಗೆ ತಲಾ 1,150ರಷ್ಟು, ಮೂರನೆಯ ಮತ್ತು ನಾಲ್ಕನೆಯವರಿಗೆ ತಲಾ 700. ಅಪ್ಪ-ಅಮ್ಮನ ಕ್ಯಾಬಿನ್ 2,200. ಅದೇ ಹಡಗಿನಲ್ಲಿ ಫೆಬ್ರವರಿ ಆರಂಭದ ದರ ಇದರ ಅರ್ಧಕ್ಕಿಂತ ಸ್ವಲ್ಪ ಮೇಲಿತ್ತು, ಆದ್ದರಿಂದ ದುಪ್ಪಟ್ಟು ಎಂಬ ಆಕ್ಷೇಪವನ್ನು ಒಪ್ಪುತ್ತೇನೆ. ಆರು ಜನರ ಟಿಪ್ಸ್ 730ರ ಹತ್ತಿರ, ವೈಫೈ 140, ಪಾರ್ಕಿಂಗ್ 130, ಬಂದರುಗಳಲ್ಲಿ ಟ್ಯಾಕ್ಸಿ ಮತ್ತು ಕೈಖರ್ಚು ಸೇರಿ 400. ಒಟ್ಟು 7,300ರ ಆಸುಪಾಸು. ಅದೇ ರಜೆಯಲ್ಲಿ ಆರು ಜನ ಒರ್ಲ್ಯಾಂಡೊಗೆ ವಿಮಾನದಲ್ಲಿ ಹೋಗಿ ಬಂದ ನಮ್ಮ ಟೀಕಾಕಾರರೊಬ್ಬರ ಖರ್ಚನ್ನು ನಾನು ಕೇಳಿ ತಿಳಿದುಕೊಂಡಿದ್ದೇನೆ, ಇಲ್ಲಿ ಬರೆಯುವುದಿಲ್ಲ.

ಹಣ ಉಳಿದದ್ದು ಎರಡು ಕಡೆ. ಹತ್ತು-ಹನ್ನೊಂದು ತಿಂಗಳು ಮೊದಲೇ, ಮುಂಗಡ ಹಿಂದಿರುಗಿಸುವ ಷರತ್ತಿನ ದರದಲ್ಲಿ ಬುಕ್ ಮಾಡಿ, ಪೂರ್ತಿ ಹಣ ಕಟ್ಟಬೇಕಾದ ದಿನದವರೆಗೆ, ಅಂದರೆ ಹೊರಡುವುದಕ್ಕೆ ಸುಮಾರು ಮೂರು ತಿಂಗಳ ಹಿಂದಿನವರೆಗೆ, ವಾರಕ್ಕೊಮ್ಮೆ ದರ ನೋಡುತ್ತಿದ್ದೆ. ಥ್ಯಾಂಕ್ಸ್‌ಗಿವಿಂಗ್ ಮಾರಾಟದಲ್ಲಿ ದರ ಇಳಿದಾಗ ಹೊಸ ದರಕ್ಕೆ ಬದಲಿಸಿಕೊಂಡದ್ದರಿಂದ ಐನೂರು ಡಾಲರ್ ಹತ್ತಿರ ಉಳಿಯಿತು. ಕೊನೆಯ ಗಳಿಗೆಯಲ್ಲಿ ಅಗ್ಗವಾಗುತ್ತದೆಂದು ಕಾಯುವ ಉಪಾಯ ಸೆಪ್ಟೆಂಬರಿನಲ್ಲಿ ನಡೆಯಬಹುದು, ಮಾರ್ಚ್ ನಡುವಿನಲ್ಲಿ ನಡೆಯುವುದಿಲ್ಲ; ನಾಲ್ಕು ಹಾಸಿಗೆಯ ಕ್ಯಾಬಿನ್‌ಗಳೇ ಮೊದಲು ಮುಗಿಯುತ್ತವೆ. ಎರಡನೆಯದು, ಬಾಲ್ಕನಿಯನ್ನು ಬಿಟ್ಟದ್ದು. ಹಿಂದೊಮ್ಮೆ ಬಾಲ್ಕನಿಗೆ ಸಾವಿರಕ್ಕೂ ಹೆಚ್ಚು ಸುರಿದು, ಮಾರ್ಚ್ ಆರಂಭದ ಗಾಳಿಗೆ ಅದರ ಬಾಗಿಲನ್ನು ಸರಿಯಾಗಿ ತೆರೆದದ್ದು ಎರಡೇ ದಿನ. ಒಳಗಿನ ಕ್ಯಾಬಿನ್ ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿದ್ದರೆ ಓಲಾಟವೂ ಕಡಿಮೆ. ನಾನು ಆರಿಸುವ ನಿರ್ದಿಷ್ಟ ಮೂಲೆಯನ್ನು ಹೇಳಿದರೆ ಮುಂದಿನ ವರ್ಷ ಅದು ನನಗೆ ಸಿಗಲಾರದು. ಮದ್ಯದ ಪ್ಯಾಕೇಜಿನಲ್ಲಿ ಒಬ್ಬರು ಕೊಂಡರೆ ಅದೇ ಕ್ಯಾಬಿನ್‌ನ ವಯಸ್ಕರೆಲ್ಲ ಕೊಳ್ಳಬೇಕೆಂಬ ನಿಯಮ ಸಾಮಾನ್ಯವಾಗಿರುವುದರಿಂದ ನಮ್ಮಂಥ ಕುಟುಂಬಕ್ಕೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಬಂದರಿನ ದಿನಗಳಲ್ಲಿ ಉಲ್ಟಾ ವೇಳಾಪಟ್ಟಿ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಮೆಕ್ಸಿಕೊದ ಕೊಸುಮೆಲ್ ದ್ವೀಪದಲ್ಲಿ ಒಂದೇ ದಿನ ಹಲವು ಹಡಗುಗಳು ನಿಲ್ಲುತ್ತವೆ, ಬೆಳಿಗ್ಗೆ ಹತ್ತರ ಹೊತ್ತಿಗೆ ಕಟ್ಟೆಯ ಮೇಲೆ ಜಾತ್ರೆ. ನಾವು ಬಾಗಿಲು ತೆರೆದ ಕೂಡಲೇ ಇಳಿದು ಟ್ಯಾಕ್ಸಿ ಹಿಡಿದು, ಮಾಯಾ ಜನರ ಇಶ್ಚೆಲ್ ದೇವತೆಯ ಕ್ಷೇತ್ರವಾಗಿದ್ದ ಸಾನ್ ಹೆರ್ವಾಸಿಯೊದ ಅವಶೇಷಗಳನ್ನು ನೋಡಿ, ಊಟದ ಹೊತ್ತಿಗೆ ಹಡಗಿಗೆ ಮರಳಿದೆವು. ಆಗ ನೀರಿನ ಜಾರುಬಂಡೆಗಳ ಮುಂದೆ ಸಾಲೇ ಇರಲಿಲ್ಲ. ಮಕ್ಕಳು ಲೆಕ್ಕವಿಲ್ಲದಷ್ಟು ಸಲ ಜಾರಿದರು. ಹೊಂಡುರಾಸ್‌ನ ರೋವಾಟಾನ್ ದ್ವೀಪದಲ್ಲಿ ದೊಡ್ಡವರು ಇಳಿಯಲೇ ಇಲ್ಲ.

ಇಲ್ಲಿ ಗಡಿಯಾರದ ಒಂದು ತೊಡಕನ್ನು ಹೇಳಲೇಬೇಕು. ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕಿಡುವುದು ಮಾರ್ಚ್ ಎರಡನೆಯ ಭಾನುವಾರ, ಅಂದರೆ ಸರಿಯಾಗಿ ಈ ರಜೆಯ ಆಸುಪಾಸಿನಲ್ಲಿ. ಕೊಸುಮೆಲ್, ಕೋಸ್ಟಾ ಮಾಯಾಗಳಿರುವ ಕಿಂತಾನಾ ರೋ ರಾಜ್ಯದಲ್ಲಾಗಲಿ ಹೊಂಡುರಾಸ್‌ನಲ್ಲಾಗಲಿ ಗಡಿಯಾರ ಬದಲಾಗುವುದಿಲ್ಲ. ಹಾಗಾಗಿ ಆ ಭಾನುವಾರಕ್ಕೆ ಮೊದಲು ಕೊಸುಮೆಲ್ ಟೆಕ್ಸಸ್‌ಗಿಂತ ಒಂದು ಗಂಟೆ ಮುಂದಿದ್ದರೆ ನಂತರ ಎರಡೂ ಸಮ; ರೋವಾಟಾನ್ ಮೊದಲು ಸಮವಾಗಿದ್ದರೆ ನಂತರ ಒಂದು ಗಂಟೆ ಹಿಂದೆ. ದಡದ ಜಾಲಕ್ಕೆ ಸೇರಿದ ಫೋನು ಅಲ್ಲಿನ ಸಮಯ ತೋರಿಸುತ್ತದೆ, ಹಡಗು ಹೊರಡುವುದು ಹಡಗಿನ ಸಮಯಕ್ಕೆ. ಮುಳ್ಳಿನ ಕೈಗಡಿಯಾರವೊಂದನ್ನು ಹಡಗಿನ ಸಮಯಕ್ಕೆ ಇಟ್ಟು ಅಪ್ಪನ ಕೈಗೆ ಕಟ್ಟಿದೆ. ಅಂದಿನಿಂದ ನಮ್ಮ ತಂಡದ ವೇಳಾಧಿಕಾರಿ ಅವರೇ.

ಕೈಕೊಟ್ಟ ಉಪಾಯಗಳಿಗೆ ಬಹುತೇಕ ಹವಾಮಾನವೇ ಕಾರಣ. ಒಂದು ವರ್ಷ ಉತ್ತರದ ಗಾಳಿ ಎದ್ದು ಕೋಸ್ಟಾ ಮಾಯಾದ ತೆರೆದ ಕಟ್ಟೆಗೆ ಹಡಗು ಕಟ್ಟಲಾಗದೆ ಮುಂದೆ ಹೋಯಿತು. ಬಂದರು ಶುಲ್ಕ ಖಾತೆಗೆ ಮರಳಿತು, ಆದರೆ ಹೊರಗಿನವರ ಬಳಿ ನಾವೇ ಗೊತ್ತುಮಾಡಿದ್ದ ಪ್ರವಾಸದ ಮುಂಗಡ, ಸುಮಾರು 150 ಡಾಲರ್, ಹೋದದ್ದೇ. ಅಂದಿನಿಂದ, ಹಡಗು ಬಾರದಿದ್ದರೆ ಪೂರ್ತಿ ಹಣ ಮರಳಿಸುತ್ತೇವೆಂದು ಬರೆದುಕೊಡುವವರನ್ನು ಮಾತ್ರ ಹಿಡಿಯುತ್ತೇನೆ. ಇನ್ನೊಂದು ಗ್ಯಾಲ್ವೆಸ್ಟನ್‌ನ ಮಂಜು. ಚಳಿಗಾಲದಲ್ಲಿ ತಣಿದ ದಡದ ನೀರು ಮಾರ್ಚ್‌ನಲ್ಲಿಯೂ 60-65 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲೇ ಇರುತ್ತದೆ. ದಕ್ಷಿಣದ ತೇವಗಾಳಿ ಅದರ ಮೇಲೆ ಹರಿದಾಗ ಮಂಜು ಕವಿದು, ಹಡಗುಗಳು ಬಂದರಿಗೆ ಬಂದು ಹೋಗುವ ಕಾಲುವೆಯನ್ನೇ ಮುಚ್ಚಿಬಿಡುತ್ತಾರೆ. ಸಮುದ್ರದ ನೀರಿನ ಉಷ್ಣತೆಗಿಂತ ಗಾಳಿಯ ಇಬ್ಬನಿ ಬಿಂದು (ಗಾಳಿಯಲ್ಲಿನ ತೇವ ಹನಿಗಟ್ಟತೊಡಗುವ ಉಷ್ಣತೆ) ನಾಲ್ಕೈದು ಡಿಗ್ರಿ ಮೇಲಿದ್ದು ಗಾಳಿ ಮಂದವಾಗಿದ್ದರೆ ಮಂಜು ಬರುತ್ತದೆಂದು ನಾನು ಹಲವು ಮಾರ್ಚ್‌ಗಳಲ್ಲಿ ಗುರುತು ಹಾಕಿಕೊಂಡಿದ್ದೇನೆ. ಕಚೇರಿಯ ಗೆಳೆಯರು ಈ ಪಟ್ಟಿಯನ್ನು ನೋಡಿ ನಕ್ಕಿದ್ದರು; ಆದರೆ ಅದರಿಂದಲೇ ಹಡಗು ಅರ್ಧ ದಿನ ತಡವಾಗಬಹುದೆಂದು ಹಿಂದಿನ ಸಂಜೆಯೇ ಊಹಿಸಿ ಮನೆಯಲ್ಲಿಯೇ ಊಟ ಮುಗಿಸಿ ಹೊರಟೆವು, ಉಳಿದವರು ಪಾರ್ಕಿಂಗ್ ಜಾಗದಲ್ಲಿ ಕಾರಿನೊಳಗೆ ಕುಳಿತಿದ್ದರು.

ಕಾಗದಪತ್ರಗಳಲ್ಲಿ ನಮ್ಮವರು ಗಮನಿಸಬೇಕಾದದ್ದು ಸ್ವಲ್ಪವಿದೆ. ಇಲ್ಲಿ ಹುಟ್ಟಿದ ಚಿಕ್ಕ ಮಕ್ಕಳಿಗೆ, ಹೊರಟ ಬಂದರಿಗೇ ಮರಳುವ ಪಯಣದಲ್ಲಿ, ಜನನ ಪ್ರಮಾಣಪತ್ರ ಸಾಕು. ಅಪ್ಪ-ಅಮ್ಮನ ವೀಸಾ ಹಲವು ಪ್ರವೇಶಗಳದ್ದಾಗಿರಬೇಕು. ಮರಳಿದಾಗ ಐ-94ರಲ್ಲಿ (ಎಷ್ಟು ಕಾಲ ಇರಬಹುದೆಂದು ತೋರಿಸುವ ಪ್ರವೇಶ ದಾಖಲೆ) ಹೊಸದಾಗಿ ಆರು ತಿಂಗಳು ಸಿಗುತ್ತದೆಂದು ಎಣಿಸಬಾರದು, ಹಳೆಯ ಅವಧಿಯೇ ಮುಂದುವರಿಯುವುದು ವಾಡಿಕೆ. ಎಚ್-1ಬಿ ಸ್ಥಿತಿ ಊರ್ಜಿತವಾಗಿದ್ದು ಪಾಸ್‌ಪೋರ್ಟಿನ ವೀಸಾ ಮುದ್ರೆಯ ಅವಧಿ ಮುಗಿದವರಿಗೆ 30 ದಿನದೊಳಗೆ ಮರಳುವ ರಿಯಾಯಿತಿ ಮೆಕ್ಸಿಕೊ, ಕೆನಡಾಗಳಿಗೆ ಸೀಮಿತ. ಹಡಗು ರೋವಾಟಾನ್ ಮುಟ್ಟಿದರೆ ಅದು ಸಿಗುವುದಿಲ್ಲ. ಇಂಥವರು ಮೆಕ್ಸಿಕೊದ ಬಂದರುಗಳನ್ನು ಮಾತ್ರ ಮುಟ್ಟುವ ನಾಲ್ಕೈದು ರಾತ್ರಿಗಳ ಪಯಣ ಆರಿಸಿ, ವಕೀಲರನ್ನು ಕೇಳಿಯೇ ಹಣ ಕಟ್ಟಬೇಕು.

ಇಳಿಯುವ ದಿನ ಅಮೆರಿಕದ ಪೌರರ ಸಾಲು ಬೇಗ ಕರಗುತ್ತದೆ, ಭೇಟಿಗೆ ಬಂದವರ ಸಾಲು ನಿಧಾನ; ಅಪ್ಪ-ಅಮ್ಮನ ಜೊತೆ ನಮ್ಮಲ್ಲೊಬ್ಬರು ನಿಂತು, ಇನ್ನೊಬ್ಬರು ಮಕ್ಕಳು ಮತ್ತು ಪೆಟ್ಟಿಗೆಗಳೊಂದಿಗೆ ಹೊರಗೆ ಹೋಗುವುದೇ ಲೇಸು. ಬುಫೆಯಿಂದ ಎತ್ತಿಕೊಂಡ ಬಾಳೆಹಣ್ಣು ಚೀಲದಲ್ಲಿ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ, ಮೂಸುವ ನಾಯಿಗಳಿರುತ್ತವೆ. ಬೇರೆ ಊರುಗಳಿಂದ ಬರುವವರು ಅಂದಿನ ವಿಮಾನವನ್ನು ಹ್ಯೂಸ್ಟನ್‌ನ ಹಾಬಿ ನಿಲ್ದಾಣದಿಂದಲೇ ತೆಗೆದುಕೊಳ್ಳಬೇಕು, ಅದೂ ಮಧ್ಯಾಹ್ನ ಮೂರರ ನಂತರದ್ದನ್ನು. ಹಡಗು ಮರಳುವ ಬೆಳಿಗ್ಗೆಯೂ ಮಂಜು ಬೀಳುವ ಸಾಧ್ಯತೆ ಇದ್ದೇ ಇದೆ.